ಕೊಳವೆಯಿಂದ ಕಣ್ಣು ತೆಗೆದ ದಿನ

ಇಲಾಖೆಯ ಒಳಗೇ ಇದ್ದು ಇಲಾಖೆಗೆ ಬಗ್ಗದೆ ಕೆಲಸ ಮಾಡುವ ಸಂಸ್ಥೆಗಳ ವಿಚಾರ ಈಚೆಗೆ ಪತ್ರಿಕೆಯಲ್ಲಿ ಆಗಾಗ ಬರುತ್ತದೆ. ಅದಕ್ಕೊಂದು ಮಂಡಳಿ ಬೇಕಂತೆ, ಬೇರೆ ಕಾನೂನು ಬೇಕಂತೆ, ಬೇರೆ ಕಟ್ಟಡ ಬೇಕಂತೆ. ಬರೆಯುವವರು ಯಾರೂ ಅಂಥ ಕಡೆ ಒಂದು ದಿನವೂ ಕೂತು ಕೆಲಸ ಮಾಡಿದವರಲ್ಲ ಎಂಬುದು ಮೊದಲ ಪ್ಯಾರಾದಲ್ಲೇ ಗೊತ್ತಾಗಿಬಿಡುತ್ತದೆ. ನಾನು ಮಾಡಿದ್ದೇನೆ. ನನಗೆ ಕಾನೂನೂ ಇತ್ತು, ಪ್ರತ್ಯೇಕ ಕೋಣೆಯೂ ಇತ್ತು. ಎರಡನ್ನೂ ನಾನೇ ಹಾಳು ಮಾಡಿದೆ. ಅದಕ್ಕೆ ಹೆಚ್ಚು ಕಷ್ಟಪಡಬೇಕಾಗಲಿಲ್ಲ. ಕೂತಲ್ಲಿಂದ ಎದ್ದು ನಿಂತೆ, ಅಷ್ಟೆ. ಅದರಿಂದ ಸುಗಟೂರಿನ ಒಬ್ಬ ಹೆಣ್ಣುಮಗಳು ಗಂಡನ ಮನೆ ಬಿಡಬೇಕಾಯಿತು. ಈ ಸಂಗತಿಯನ್ನು ಇಷ್ಟು ವರ್ಷ ಯಾರಿಗೂ ಹೇಳದೆ ಇಟ್ಟುಕೊಂಡಿದ್ದೆ. ಈಗ ಹೇಳುತ್ತೇನೆ.

ಮೂವತ್ತರ ದಶಕದಲ್ಲಿ ಹೈಸ್ಕೂಲು ಮುಗಿಸಿ ನಾನು ಕೋಲಾರದ ಹೊರಗಿದ್ದ ಒಂದು ಬಿತ್ತನೆ ಕೋಠಿಗೆ ಕೆಲಸಕ್ಕೆ ಸೇರಿದೆ. ಬಿತ್ತನೆ ಕೋಠಿ ಎಂದರೆ ರೇಷ್ಮೆ ಹುಳುವಿನ ಮೊಟ್ಟೆ ತಯಾರಿಸಿ ರೈತರಿಗೆ ಕೊಡುವ ಸರ್ಕಾರಿ ಮನೆ. ಗೂಡಿನಿಂದ ಹೊರಬಂದ ಹೆಣ್ಣು ಚಿಟ್ಟೆಯನ್ನು ಒಂದು ಕಾಗದದ ಹಾಳೆಯ ಮೇಲೆ ಬಿಟ್ಟು ಮೇಲೊಂದು ತಗಡಿನ ಬಟ್ಟಲು ಕವಿಚುತ್ತಿದ್ದರು. ಅದು ಕತ್ತಲಲ್ಲಿ ಹಾಳೆಯ ಮೇಲೆ ಮೊಟ್ಟೆಯಿಡುತ್ತಿತ್ತು. ಮೊಟ್ಟೆಯಿಟ್ಟ ತಾಯಿ ಚಿಟ್ಟೆಯನ್ನು ಪುಟ್ಟ ಒರಳಿನಲ್ಲಿ ಹನಿ ನೀರು ಹಾಕಿ ಅರೆದು, ಆ ರಸವನ್ನು ಗಾಜಿನ ಪಟ್ಟಿಗೆ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಸೂಕ್ಷ್ಮದರ್ಶಕವನ್ನು ನಾವೆಲ್ಲ ಕೊಳವೆ ಎನ್ನುತ್ತಿದ್ದೆವು. ಕೊಳವೆಯಲ್ಲಿ ಅಕ್ಕಿಯ ಹಾಗೆ ಹೊಳೆಯುವ ಉದ್ದುದ್ದ ಕಾಳು ಕಂಡರೆ ತಾಯಿಗೆ ಗಂಟುರೋಗ ಇದೆಯೆಂದು ಅರ್ಥ. ಅದು ತಾಯಿಯಿಂದ ಮೊಟ್ಟೆಗೆ ಇಳಿಯುವ ರೋಗ. ಅಂಥ ಹಾಳೆಯನ್ನು ಅಲ್ಲೇ ಒಲೆಗೆ ಹಾಕಬೇಕು. ಕಾಣದಿದ್ದರೆ ಹಾಳೆಯ ಮೂಲೆಗೆ ನೇರಳೆ ಮಸಿಯ ಮುದ್ರೆ.

ಈ ನೋಡುವ, ಸುಡುವ, ಮುದ್ರೆಯೊತ್ತುವ ಕೆಲಸ ಪರೀಕ್ಷಕನದು. ಕೋಠಿಗೆ ಒಬ್ಬ ಸೂಪರಿಂಟೆಂಡೆಂಟರಿದ್ದರು. ಪರೀಕ್ಷಕನ ರಜೆ ಅವರ ಕೈಯಲ್ಲಿ, ವರ್ಗ ಅವರ ಕೈಯಲ್ಲಿ, ಬಡ್ತಿಗೆ ಎರಡು ಒಳ್ಳೆಯ ಮಾತು ಹೇಳುವುದೂ ಅವರೇ. ಸುಡುವ ವಿಚಾರದಲ್ಲಿ ಮಾತ್ರ ಅವರು ಬಾಯಿ ಹಾಕುವ ಹಾಗಿರಲಿಲ್ಲ. ಹಾಗೆಂದು ಹಿಂದೆ ಯಾವುದೋ ಕಾಲದಲ್ಲಿ ಸರ್ಕಾರ ಒಂದು ಹುಕುಂ ಹೊರಡಿಸಿತ್ತು. ಅದನ್ನು ಕಟ್ಟು ಹಾಕಿಸಿ ಪರೀಕ್ಷಾ ಕೋಣೆಯ ಗೋಡೆಗೆ ತೂಗುಹಾಕಿದ್ದರು. ನಾನು ಸೇರುವ ಹೊತ್ತಿಗೆ ಗೆದ್ದಲು ಅದರ ಅರ್ಧ ತಿಂದಿತ್ತು. ಉಳಿದರ್ಧವನ್ನು ಯಾರೂ ಓದುತ್ತಿರಲಿಲ್ಲ.

ಆ ಕೋಣೆಯನ್ನು ಕಾಪಾಡಿದ್ದು ಹುಕುಂ ಅಲ್ಲ, ನನಗಿಂತ ಮುಂಚೆ ಅಲ್ಲಿದ್ದ ಪರೀಕ್ಷಕರ ಸೊಕ್ಕು. ಅವರು ಕೋಲಾರದ ನೂಲು ತೆಗೆಯುವವರ ಮನೆತನದ ಸಾಬರು. ವಿನಯ ಎಂಬ ಪದಾರ್ಥ ಅವರ ಮೈಯಲ್ಲಿ ಹುಡುಕಿದರೂ ಸಿಗುತ್ತಿರಲಿಲ್ಲ. ಬೀದಿಗೆ ತೆರೆಯುವ ಬೇರೆ ಬಾಗಿಲಿನಿಂದ ಬರುತ್ತಿದ್ದರು, ಅದರಿಂದಲೇ ಹೋಗುತ್ತಿದ್ದರು. ಕುಡಿಯುವ ನೀರಿಗೆ ಮನೆಯಿಂದ ತಂದ ಹೂಜಿ. ಕಚೇರಿಯ ಕಾಫಿ ಮುಟ್ಟುತ್ತಿರಲಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಕೊಳವೆಯಲ್ಲಿ ಕಣ್ಣಿಟ್ಟು ಕೂತಾಗ ಯಾರು ಬಂದರೂ ಏಳುತ್ತಿರಲಿಲ್ಲ. ಸೂಪರಿಂಟೆಂಡೆಂಟರು ಬಂದು ಅರ್ಜಿದಾರರ ಹಾಗೆ ಕಾಲು ಬದಲಾಯಿಸುತ್ತ ನಿಂತಿರುತ್ತಿದ್ದರು.

"ಏನ್ ಸಾಬ್ರೆ, ಇನ್ನೂ ಬಹಳ ಹೊತ್ತಾಗುತ್ತಾ?"

"ಆಗ್ತದೆ. ಕೂತ್ಕೊಳ್ಳಿ." ಕಣ್ಣು ಮಾತ್ರ ಕೊಳವೆಯಲ್ಲೇ. "ಕುರ್ಚಿ ಇಲ್ಲ ಅಲ್ವಾ? ಹಾಗಾದ್ರೆ ನಿಂತ್ಕೊಳ್ಳಿ."

ಅವರು ಹೋದ ಮೇಲೆ ಸಾಬರು, ಪಕ್ಕದಲ್ಲಿ ಚಿಟ್ಟೆ ಅರೆಯುತ್ತ ಕೂತಿದ್ದ ನನ್ನ ಕಡೆ ತಿರುಗಿ ಹೇಳುತ್ತಿದ್ದರು: "ಲೇ, ಕೇಳ್. ಇದ್ರಲ್ಲಿ ಕಣ್ಣಿದ್ದಾಗ ದಿವಾನ್ರು ಬಂದ್ರೂ ಏಳಬ್ಯಾಡ. ಎದ್ರೆ ರಸ ಒಣಗ್ತದೆ, ನೋಡಿದ್ದು ಮರ್ತುಹೋಗ್ತದೆ. ಇನ್ನೊಂದು ಹೇಳ್ತೀನಿ, ಒಂದ್ಸಲ ಎದ್ರೆ ಕುಂಡೆಗೆ ಅದೇ ರೂಢಿ ಆಗ್ತದೆ."

ಸಾಬರು ನಿವೃತ್ತರಾದ ಮೇಲೆ ಅವರು ಕೂರುತ್ತಿದ್ದ ಸ್ಟೂಲು ನನಗೆ ಬಂತು. ಅವರ ಸೊಕ್ಕನ್ನೂ ನಾನು ತೊಟ್ಟುಕೊಂಡೆ. ಅದು ನನ್ನ ಮೈಗೆ ಹೊಲಿಸಿದ್ದಲ್ಲವೆಂದು ನನಗಾಗ ತಿಳಿಯಲಿಲ್ಲ. ಅಮಲ್ದಾರರೊಬ್ಬರು ಬಂದಾಗ ಏಳಲಿಲ್ಲ. ಯಾರೋ ದೊಡ್ಡ ಜಮೀನುದಾರರು ಬಂದಾಗ ಏಳಲಿಲ್ಲ. ಕ್ಯಾಲನೂರು, ಸುಗಟೂರು ಕಡೆಯ ರೈತರಲ್ಲಿ ಈ ಸುದ್ದಿ ಹರಡಿತು. ಅವರಿಗೆ ಗಂಟುರೋಗದ ಕಾಳು ಹೇಗಿರುತ್ತದೆಂದು ಗೊತ್ತಿರಲಿಲ್ಲ, ಹುಕುಂ ಇತ್ತೆಂಬುದೂ ಗೊತ್ತಿರಲಿಲ್ಲ. ಈ ಮನುಷ್ಯ ಯಾರಿಗೂ ಏಳುವುದಿಲ್ಲ ಎಂಬುದೊಂದು ಗೊತ್ತಿತ್ತು. ನಂಬುವುದಕ್ಕೆ ಅವರಿಗೆ ಅಷ್ಟು ಸಾಕಾಗಿತ್ತು.

ಹಾಗೆ ನಂಬಿದವರಲ್ಲಿ ಸುಗಟೂರಿನ ಒಬ್ಬ ನಡುವಯಸ್ಸಿನ ಹೆಂಗಸು. ಗಂಡ ಇರಲಿಲ್ಲ, ಮಗ, ಸೊಸೆಯನ್ನು ಕಟ್ಟಿಕೊಂಡು ಹುಳು ಸಾಕುತ್ತಿದ್ದಳು. ಪ್ರತಿ ಬೆಳೆಗೂ ಬಿದಿರ ಬುಟ್ಟಿ, ಒದ್ದೆ ಬಟ್ಟೆ ತಂದು ಹಾಳೆ ಇಸಿದುಕೊಳ್ಳುವ ಮುಂಚೆ ಒಂದೇ ಪ್ರಶ್ನೆ ಕೇಳುತ್ತಿದ್ದಳು: "ಸಾಮೀ, ಇದು ನೀವೇ ನೋಡಿದ್ದಾ?"

"ನಾನೇ ನೋಡಿದ್ದು ಕಣಮ್ಮ."

ಒಮ್ಮೆ ಸೊಸೆಯೂ ಜೊತೆಗೆ ಬಂದಿದ್ದಳು. ಮುಳಬಾಗಿಲು ಕಡೆಯ ಹುಡುಗಿ, ಮಾತಿನಲ್ಲಿ ಅರ್ಧ ತೆಲುಗು. ಬಾಗಿಲ ಹತ್ತಿರ ನಿಂತು ಬಾಯಿಗೆ ಸೆರಗು ಅಡ್ಡ ಹಿಡಿದು ಕೇಳಿದಳು:

"ಅತ್ತಮ್ಮ, ಈ ಸಾಮಿ ಯಾರ್ ಬಂದ್ರೂ ಏಳಲ್ವಂತಲ್ಲ, ಕಾಲ್ ನೋವಾ ಪಾಪ?"

"ಬಾಯ್ ಮುಚ್ಚೇ ಬಜಾರಿ! ಏಳಲ್ಲ ಅಂತಾನೇ ನಾನು ಇಲ್ಲೀಗಂಟ ನಡ್ಕಂಡ್ ಬರೋದು."

ಹುಡುಗಿ ನಕ್ಕಳು. ಅತ್ತೆಯೂ ನಕ್ಕಳು. ಅವರಿಬ್ಬರ ನಡುವೆ ಆಗ ಅಂಥ ಸಲಿಗೆ ಇತ್ತು. ನಾನು ಕೊಳವೆಯಿಂದ ತಲೆಯೆತ್ತದೆ ನಕ್ಕೆ.

ಆಮೇಲೆ ಯುದ್ಧ ಬಂತು. ಆಕಾಶದಿಂದ ಸೈನಿಕರು ಇಳಿಯುವ ಕೊಡೆಗಳಿಗೆ ರೇಷ್ಮೆ ಬೇಕಾಯಿತು. ಎಲ್ಲಿಯೋ ಯಾರೋ ಹೊಡೆದಾಡಿದರೆ ನಮ್ಮ ಕೋಠಿಯಲ್ಲಿ ಚಿಟ್ಟೆಗಳು ಹೆಚ್ಚು ಮೊಟ್ಟೆಯಿಡಬೇಕೆಂದು ಮೇಲಿನವರು ತೀರ್ಮಾನಿಸಿದರು. ಚಿಟ್ಟೆಗಳಿಗೆ ಆಜ್ಞೆ ಮಾಡಲು ಬರುವುದಿಲ್ಲವಲ್ಲ, ಅದಕ್ಕೆ ನಮಗೆ ಹೊಸ ಸೂಪರಿಂಟೆಂಡೆಂಟರನ್ನು ಕಳಿಸಿದರು.

ಹಿಂದಿನವರು ಗದರುವ ಜಾತಿ. ಗದರುವವರ ಎದುರು ಕೂತೇ ಇರುವುದು ಸುಲಭ. ಇವರು ಹೊಗಳುವ ಜಾತಿ. ಬಂದ ದಿನವೇ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದರು. ದೇವರ ಮನೆಗೆ ಬರುವವರ ಹಾಗೆ.

"ನೀವು ಏಳಬೇಡಿ, ಏಳಬೇಡಿ. ನಿಮ್ಮ ಕೆಲಸಕ್ಕೆ ನಾನು ಕೈ ಹಾಕೋನಲ್ಲಪ್ಪ. ಆದ್ರೆ ಇದೇನ್ರೀ ಇದು, ಇಂಥ ಕೆಲಸ ಮಾಡೋರಿಗೆ ಸ್ಟೂಲು ಕೊಟ್ಟಿದಾರಲ್ಲ! ಬೆನ್ನು ಏನಾಗಬೇಕು?"

ಮಾರನೆಯ ದಿನ ಬೆತ್ತದ ಕುರ್ಚಿ ಬಂತು, ಕೈಯಿರುವಂಥದ್ದು. ನಾನು ಬೇಡವೆನ್ನಲಿಲ್ಲ. ಬೆನ್ನು ನಿಜವಾಗಿಯೂ ನೋಯುತ್ತಿತ್ತು. ಕೆಲವು ದಿನ ಬಿಟ್ಟು ಕಾಫಿ ಬಂತು. ಮಳೆಗಾಲದಲ್ಲಿ ನನ್ನ ಕೋಣೆಯಲ್ಲಿ ಬೆಳಕು ಸಾಲದೆಂದು ಅವರಿಗೆ ಬಹಳ ಕಳವಳವಾಯಿತು. ಅವರ ಕೋಣೆಯ ಕಿಟಕಿ ಪೂರ್ವಕ್ಕಿತ್ತು. "ನನಗ್ಯಾಕ್ರೀ ಅಷ್ಟು ಬೆಳಕು, ರುಜು ಹಾಕೋಕೆ?" ಎಂದರು. ಜವಾನರು ನನ್ನ ಮೇಜು, ಕೊಳವೆ, ಒರಳು ಎಲ್ಲ ಹೊತ್ತುಕೊಂಡು ಹೋಗಿ ಅವರ ಕಿಟಕಿಯ ಪಕ್ಕ ಇಟ್ಟರು. ಬೀದಿಯ ಬಾಗಿಲಿಗೆ ಬೀಗ ಬಿತ್ತು. ನಾನೂ ಎಲ್ಲರ ಹಾಗೆ ಮುಂಬಾಗಿಲಿನಿಂದ ಬರತೊಡಗಿದೆ. ಹುಕುಮಿನ ಕಟ್ಟು ಮಾತ್ರ ಹಳೆಯ ಕೋಣೆಯಲ್ಲೇ ಉಳಿಯಿತು. ಅದನ್ನು ತರಬೇಕೆಂದು ನನಗೂ ತೋಚಲಿಲ್ಲ.

ನನ್ನ ದಡ್ಡತನ ನೋಡಿ. ಒಂದೇ ಒಂದು ಹಾಳೆಯನ್ನು ಪಾಸು ಮಾಡು ಎಂದು ಆ ಮನುಷ್ಯ ಯಾವತ್ತೂ ಹೇಳಲಿಲ್ಲ. ಹೇಳಿದ್ದರೆ ನಾನು ಜಗಳವಾಡುತ್ತಿದ್ದೆ, ಸಾಬರ ಶಿಷ್ಯನೆಂದು ಎದೆಯುಬ್ಬಿಸುತ್ತಿದ್ದೆ. ಅವರು ನಾನು ಹಾಳೆ ಸುಡುವಾಗ ಸಣ್ಣಗೆ ನಿಟ್ಟುಸಿರು ಬಿಡುತ್ತಿದ್ದರು, ಅಷ್ಟೆ. ಮೊದಮೊದಲು ಅದು ನನಗೆ ಕೇಳಿಸಲೇ ಇಲ್ಲ. ಆಮೇಲೆ, ಹಾಳೆ ಎತ್ತುವ ಮುಂಚೆಯೇ ಅದಕ್ಕಾಗಿ ಕಿವಿ ಕಾಯತೊಡಗಿತು.

ಒಂದು ದಿನ ಬೆಂಗಳೂರಿನಿಂದ ಒಬ್ಬ ದೊಡ್ಡ ಅಧಿಕಾರಿ ಬಂದರು. ಬೂಟಿನ ಸದ್ದು ಹಜಾರದಲ್ಲಿ ಕೇಳುವಾಗ ಕೊಳವೆಯಲ್ಲಿದ್ದದ್ದು ಒಂದು ತಂಡದ ತಾಯಿ ಚಿಟ್ಟೆಗಳ ರಸ. ಸುಗಟೂರಿಗೆ ಹೋಗಬೇಕಾದ ಹಾಳೆಗಳ ತಂಡ ಅದು. ನಾನು ಕಂಡೆ. ಸಂಶಯವೇ ಇಲ್ಲ, ಹೊಳೆಯುವ ಕಾಳು, ಒಂದೆರಡಲ್ಲ, ಚೆಲ್ಲಿದ ಹಾಗೆ. ಅಷ್ಟರಲ್ಲಿ ಬಾಗಿಲು ತೆರೆಯಿತು. ಆ ಕೋಣೆ ಸೂಪರಿಂಟೆಂಡೆಂಟರದು; ಅವರು ಎದ್ದರು, ಗುಮಾಸ್ತರು ಎದ್ದರು, ಜವಾನನಂತೂ ಗೋಡೆಗೆ ಅಂಟಿಕೊಂಡ. ನಾನೂ ಎದ್ದೆ. ಎದ್ದದ್ದಷ್ಟೇ ಅಲ್ಲ, ಕೈ ಮುಗಿದೆ.

"ಇವರೇನಾ ನಿಮ್ಮ ಸುಡೋ ಮನುಷ್ಯ?" ಎಂದು ಅಧಿಕಾರಿ ಇಂಗ್ಲಿಷು ಬೆರೆಸಿದ ಕನ್ನಡದಲ್ಲಿ ಕೇಳಿದರು. "ಏನ್ರೀ, ಜರ್ಮನಿಯವನ ಬಾಂಬಿಗಿಂತ ನಿಮ್ಮ ಒಲೆಯೇ ಜೋರಂತೆ!"

ಎಲ್ಲರೂ ನಕ್ಕರು. ಸೂಪರಿಂಟೆಂಡೆಂಟರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆ ಹಾಸ್ಯದಲ್ಲಿ ನಗುವಂಥದ್ದೇನೂ ಇರಲಿಲ್ಲ. ನಾನೂ ನಕ್ಕೆ. ಅಧಿಕಾರಿ ನನ್ನ ಭುಜ ತಟ್ಟಿ ಊಟಕ್ಕೆ ಹೋದರು. ನಾನು ಕುರ್ಚಿಗೆ ಮರಳಿ ಕೂತೆ. ಗಾಜಿನ ಮೇಲಿನ ರಸ ಒಣಗಿತ್ತು. ಇನ್ನೊಂದು ಹನಿ ಹಾಕಿ ಮತ್ತೆ ನೋಡಬಹುದಾಗಿತ್ತು, ಒರಳಿನಲ್ಲಿ ರಸ ಇನ್ನೂ ಇತ್ತು. ನೋಡಲಿಲ್ಲ. ನೋಡದಿದ್ದರೆ ಕಂಡದ್ದು ಕಂಡಂತಾಗುವುದಿಲ್ಲ ಎಂಬ ಹಾಗೆ, ಮುದ್ರೆಯನ್ನು ಮಸಿಗೆ ಅದ್ದಿ ಹಾಳೆಗಳಿಗೆ ಒತ್ತುತ್ತ ಹೋದೆ. ಸೂಪರಿಂಟೆಂಡೆಂಟರು ನಿಟ್ಟುಸಿರು ಬಿಡಲಿಲ್ಲ. ಅದು ಎಷ್ಟು ಹಾಯೆನಿಸಿತು!

ಸುಗಟೂರಿನ ಹೆಂಗಸು ಬಂದು ಎಂದಿನಂತೆ ಕೇಳಿದಳು: "ನೀವೇ ನೋಡಿದ್ದಾ ಸಾಮೀ?"

"ನಾನೇ ನೋಡಿದ್ದು ಕಣಮ್ಮ," ಎಂದೆ. ಆ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ, ಅದೇ ಅದರ ಹೇಸಿಗೆ.

ಹುಳುಗಳು ಮೂರನೆಯ ಜ್ವರದವರೆಗೆ ಬಂದವಂತೆ. ಹುಳು ಪೊರೆ ಬಿಡಲು ಮೇವು ಬಿಟ್ಟು ಕೂರುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಆಮೇಲೆ ಒಂದು ದೊಡ್ಡದು, ಒಂದು ಚಿಕ್ಕದು, ಮೈಮೇಲೆ ಮೆಣಸಿನ ಪುಡಿ ಉದುರಿಸಿದ ಹಾಗೆ ಕಪ್ಪು ಚುಕ್ಕಿ. ಸೊಪ್ಪಿನ ಮೇಲೆ ಹಾಗೇ ಸತ್ತವು. ಹೆಂಗಸು, ಮಗ, ಸೊಸೆ ಮೂವರೂ ಒಂದು ತಟ್ಟೆ ಸತ್ತ ಹುಳು ಹೊತ್ತುಕೊಂಡು ಕೋಠಿಗೆ ಬಂದರು. ಚುಕ್ಕಿ ನೋಡಿದೊಡನೆ ನನಗೆ ಎಲ್ಲ ತಿಳಿಯಿತು. ಕೊಳವೆಯೂ ಬೇಕಿರಲಿಲ್ಲ.

ಸೂಪರಿಂಟೆಂಡೆಂಟರು ಮೂಗಿಗೆ ಕರವಸ್ತ್ರ ಹಿಡಿದು ತಟ್ಟೆ ನೋಡಿದರು. "ಮುದ್ರೆ ಇರೋ ಬಿತ್ತನೆ ಕಣಮ್ಮ ಇದು. ಮನೇಲಿ ಮಡಿ ಮೈಲಿಗೆ ಸರಿಯಾಗಿ ನೋಡ್ಕೊಂಡ್ರಾ? ಹುಳುಮನೆಗೆ ಯಾರ್ಯಾರು ಹೋಗಿದ್ರೋ ಏನೋ." ಅವರು ವಿಜ್ಞಾನದಲ್ಲಿ ಪದವಿ ಪಡೆದವರು. ಮುಟ್ಟಾದವಳ ನೆರಳಿಗೆ ಗಂಟುರೋಗ ಬರುವುದಿಲ್ಲವೆಂದು ನನ್ನಷ್ಟೇ ಚೆನ್ನಾಗಿ ಬಲ್ಲವರು. ಆದರೂ ಮೈಲಿಗೆಯ ಮಾತೆತ್ತಿ ನನ್ನ ಕಡೆ ತಿರುಗಿದರು. "ಏನಂತೀರಿ ಪರೀಕ್ಷಕರೆ? ನಿಮ್ಮ ಮಾತೇ ಕೊನೆ, ನಾನು ಬಾಯಿ ಹಾಕಲ್ಲ."

ನನ್ನ ಸ್ವಾತಂತ್ರ್ಯವನ್ನು ತಟ್ಟೆಯಲ್ಲಿಟ್ಟು ನನ್ನ ಮುಂದೆ ಹಿಡಿದರು. ನಾನು ಅದನ್ನು ಅವರಿಗೇ ಅರ್ಪಿಸಿದೆ.

"ಬಿತ್ತನೇಲಿ ದೋಷ ಇಲ್ಲ," ಎಂದೆ.

ಸೂಪರಿಂಟೆಂಡೆಂಟರ ಮಾತನ್ನು ಹೆಂಗಸು ಕಿವಿಗೂ ಹಾಕಿಕೊಂಡಿರಲಿಲ್ಲ. ನಾನು ಹೇಳಿದ ಮೇಲೆ ಮುಗಿಯಿತು. ನಿಧಾನವಾಗಿ ತಿರುಗಿ ಸೊಸೆಯನ್ನು ನೋಡಿದಳು.

"ದೂರ ಕೂತಿದ್ದಾಗ ಒಳಗ್ ಹೋಗಿದ್ಯೇನೇ?"

ಹುಡುಗಿ ಗಾಬರಿಯಲ್ಲಿ ಪೂರ್ತಿ ತೆಲುಗಿಗೆ ಬಂದುಬಿಟ್ಟಳು. "ನೇನು ಲೋಪಲಿಕಿ ಪೋಲೇದತ್ತಮ್ಮಾ!" ನಾನು ಒಳಗೆ ಹೋಗಿಲ್ಲ ಎಂದು ಮತ್ತೆ ಮತ್ತೆ ಹೇಳಿದಳು. ಗಂಡನ ಮುಖ ನೋಡಿದಳು. ಅವನು ನೆಲ ನೋಡುತ್ತಿದ್ದ. ಕೊನೆಗೆ ನನ್ನ ಕಡೆ ನೋಡಿದಳು. ನಾನು ಕೊಳವೆಯಲ್ಲಿ ಕಣ್ಣಿಟ್ಟೆ. ಕೆಳಗೆ ಗಾಜಿನ ಪಟ್ಟಿಯೇ ಇರಲಿಲ್ಲ.

ಮುಂದಿನ ಬೆಳೆಗೆ ಹೆಂಗಸು ಒಬ್ಬಳೇ ಬಂದಳು.

"ಸೊಸೆ ಎಲ್ಲಮ್ಮ?"

"ಮುಳಬಾಗಿಲಿಗೆ ಅಟ್ಟಿದೀನಿ. ಅವರಪ್ಪನ ಮನೇಲೇ ಬಿದ್ದಿರ್ಲಿ. ಮಗನಿಗೆ ಮಾಲೂರ ಕಡೆ ಒಂದು ಹೆಣ್ಣು ನೋಡ್ತಾ ಇದೀವಿ." ಹೇಳಿ ಬುಟ್ಟಿ ಮುಂದೆ ಚಾಚಿದಳು. "ಇದು ನೀವೇ ನೋಡಿದ್ದಾ ಸಾಮೀ?"

ಆ ದಿನದ ಹಾಳೆಗಳನ್ನು ನಾನು ನಿಜವಾಗಿಯೂ ನೋಡಿದ್ದೆ, ಅವು ಚೆನ್ನಾಗಿದ್ದವು. ಆದರೂ ತಲೆ ಮಾತ್ರ ಆಡಿಸಿದೆ. ಹೊಸ ಹೆಣ್ಣು ಗೊತ್ತಾಗುವ ಮುಂಚೆ ಏನಾದರೂ ಹೇಳಬೇಕಿತ್ತು. ಒಂದು ಭಾನುವಾರ ಸುಗಟೂರಿಗೆ ಹೋದೆ. ಅವಳು ಅಂಗಳದಲ್ಲಿ ತಟ್ಟೆಗಳಿಗೆ ಸಗಣಿ ಸಾರಿಸುತ್ತಿದ್ದಳು.

"ನಿನ್ನ ಸೊಸೆಯದೇನೂ ತಪ್ಪಿಲ್ಲಮ್ಮ. ರೋಗ ಮೊಟ್ಟೇಲೇ ಇತ್ತು. ನನಗೆ ಕಂಡಿತ್ತು. ಗೊತ್ತಿದ್ದೂ ಮುದ್ರೆ ಒತ್ತಿದೆ."

ಅವಳು ಕೈ ನಿಲ್ಲಿಸಿ ನನ್ನನ್ನು ಮರುಕದಿಂದ ನೋಡಿದಳು. "ಅವಳ ಅಪ್ಪ ಬಂದು ಕಾಲಿಗೆ ಬಿದ್ನಾ? ಒಳ್ಳೇ ಮನಸು ನಿಮ್ದು. ಹೆಣ್ಣಿನ ಬಾಳು ಹಾಳಾಗ್ತದೆ ಅಂತ ಸುಳ್ಳಾಡ್ತಾ ಇದೀರ."

"ಸುಳ್ಳಲ್ಲ ಕಣಮ್ಮ. ಮೇಲಿನವರು ಬಂದಿದ್ರು, ಹೆದರಿಕೆ ಆಯ್ತು."

"ನೀವಾ?" ಅವಳು ನಕ್ಕೇಬಿಟ್ಟಳು. "ನೀವು ಯಾರ್ಗೂ ಏಳೋರಲ್ಲ. ಹೆದರಿದ್ರಂತೆ! ಅಷ್ಟು ದಿಟ ಆಗಿದ್ರೆ ಆವತ್ತು ಯಾರ ಮುಂದೆ ಹೇಳಿದ್ರೋ ಅವರ ಮುಂದೇನೇ ಹೇಳಿ. ಸಂತೆ ದಿನ ಬತ್ತೀನಿ."

ಸಾಬರು ಕಟ್ಟಿ ಕೊಟ್ಟ ಹೆಸರು ಎಷ್ಟು ಗಟ್ಟಿಯಾಗಿತ್ತೆಂದರೆ, ಅದನ್ನು ಅಡವಿಟ್ಟು ಹೇಳಿದ ಸುಳ್ಳಿಗೂ ಅದರದೇ ಗಟ್ಟಿತನ ಬಂದಿತ್ತು. ನಾನೇ ಒಡೆಯಲು ಹೋದರೂ ಅದು ಒಡೆಯಲಿಲ್ಲ.

ಸಂತೆಯ ದಿನ ಅವಳು ಮಗನನ್ನೂ ಕರೆದುಕೊಂಡು ಬಂದಳು. ಸೂಪರಿಂಟೆಂಡೆಂಟರು ಇನ್ನೂ ಬಂದಿರಲಿಲ್ಲ. ಇಬ್ಬರೂ ಬಾಗಿಲ ಹತ್ತಿರ ನೆಲದ ಮೇಲೆ ಕೂತರು. ನಾನು ಹೇಳಬೇಕಾದ ಮಾತುಗಳನ್ನು ಜೋಡಿಸಿಕೊಂಡಿದ್ದೆ. ಕೂತೇ ಹೇಳುತ್ತೇನೆ, ಕಣ್ಣು ಕೊಳವೆಯಲ್ಲೇ ಇರುತ್ತದೆ, ಸಾಬರ ಹಾಗೆ. ಗಾಜಿನ ಪಟ್ಟಿ ಇಟ್ಟುಕೊಂಡೆ. ಒಂದು ತಾಯಿ ಚಿಟ್ಟೆಯ ರಸ ಚೆನ್ನಾಗಿಯೇ ಕಾಣುತ್ತಿತ್ತು.

ಹಜಾರದಲ್ಲಿ ಹೆಜ್ಜೆ ಕೇಳಿತು. ದೊಡ್ಡ ಅಧಿಕಾರಿಯಲ್ಲ, ಯಾರೂ ಅಲ್ಲ, ದಿನಾ ನೋಡುವ ಅದೇ ಸೂಪರಿಂಟೆಂಡೆಂಟರು, ಕೈಯಲ್ಲಿ ತರಕಾರಿ ಚೀಲ ಹಿಡಿದುಕೊಂಡು ಬಂದರು. ಅವರು ಹೊಸ್ತಿಲು ದಾಟುವುದಕ್ಕೂ ನಾನು ನಿಂತಿರುವುದಕ್ಕೂ ಸರಿಹೋಯಿತು. ಎದ್ದದ್ದು ನನಗೆ ಗೊತ್ತೇ ಆಗಲಿಲ್ಲ. ಬೆತ್ತದ ಕುರ್ಚಿ ಹಿಂದಕ್ಕೆ ಸರಿದು ಕಿರ್ರೆಂದಾಗ ಗೊತ್ತಾಯಿತು. ಕೈ ಕೂಡ ಎದೆಯ ಹತ್ತಿರ ಬಂದಿತ್ತು.

"ಏನಮ್ಮ, ಬಿತ್ತನೆಗೆ ಬಂದ್ಯಾ?" ಎಂದರು ಅವರು.

ಅವಳು ಅವರನ್ನು ನೋಡಲಿಲ್ಲ. ನನ್ನನ್ನೇ ನೋಡುತ್ತಿದ್ದಳು, ಕಾಲಿನಿಂದ ತಲೆಯವರೆಗೆ, ಮೊದಲ ಸಲ ನೋಡುತ್ತಿರುವ ಹಾಗೆ. ಅಲ್ಲಿಯವರೆಗೆ ನನ್ನ ಎತ್ತರ ಎಷ್ಟೆಂದೇ ಅವಳಿಗೆ ತಿಳಿದಿರಲಿಲ್ಲವೇನೋ. ಜೋಡಿಸಿಕೊಂಡಿದ್ದ ಮಾತುಗಳು ಇನ್ನು ಬೇಕಾಗಿರಲಿಲ್ಲ.

"ಥೂ," ಎಂದಳು. ಜೋರಾಗಿ ಅಲ್ಲ. ಮಗನಿಗೆ "ಏಳ್ಲಾ, ಮುಳಬಾಗಿಲ ಬಸ್ಸು ಎಷ್ಟೊತ್ತಿಗೈತೆ ಕೇಳು," ಎಂದಳು. ಖಾಲಿ ಬುಟ್ಟಿ ಕಂಕುಳಲ್ಲಿಟ್ಟುಕೊಂಡು ಹೊರಟಳು.

ಸೂಪರಿಂಟೆಂಡೆಂಟರು "ಏನಾಯ್ತ್ರೀ ಆಕೆಗೆ?" ಎಂದರು. "ಏನೂ ಇಲ್ಲ ಸಾರ್," ಎಂದೆ. ಚೀಲದಿಂದ ಒಂದು ಹಿಡಿ ಅವರೆಕಾಯಿ ತೆಗೆದು ನನ್ನ ಮೇಜಿನ ಮೇಲಿಟ್ಟರು. ಮನೆಗೆ ಒಯ್ದೆ.

ನನಗೆ ಶಿಕ್ಷೆ ಆಗಲಿಲ್ಲ. ಬಡ್ತಿಯಾಯಿತು. ಬಾಗುವ ಬೆನ್ನಿನ ವಾಸನೆ ಇಲಾಖೆಗೆ ಬಹುಬೇಗ ಹತ್ತುತ್ತದೆ. ಯುದ್ಧ ಮುಗಿದ ಮೇಲೆ ನನ್ನನ್ನು ಶ್ರೀನಿವಾಸಪುರದ ಕಡೆಗೆ ಮೇಲ್ವಿಚಾರಣೆಗೆ ಹಾಕಿದರು. ಅಲ್ಲಿಯ ಪರೀಕ್ಷಕ ಚಿಕ್ಕ ವಯಸ್ಸಿನವನು, ನಾನು ಹೋದಾಗಲೆಲ್ಲ ಕೊಳವೆ ಬಿಟ್ಟು ದಡಕ್ಕನೆ ಏಳುತ್ತಿದ್ದ. ಏಳಬೇಡಪ್ಪ ಎಂಬ ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ. ಅವನು ಎದ್ದಾಗ ಹಿತವಾಗುತ್ತಿತ್ತು. ಸುಗಟೂರಿನವರಿಗೆ ಮಾಡಿದ್ದಕ್ಕಿಂತ ಇದನ್ನು ನೆನೆದಾಗಲೇ ನನಗೆ ನನ್ನ ಮೇಲೆ ಹೆಚ್ಚು ಅಸಹ್ಯವಾಗುತ್ತದೆ. ಮೊದಲನೆಯದನ್ನು ಅಂಜಿಕೆಯಿಂದ ಮಾಡಿದೆ, ಇದನ್ನು ಸುಖಕ್ಕೆ ಮಾಡಿದೆ.

ಸುಗಟೂರಿಗೆ ಇನ್ನೊಮ್ಮೆ ಹೋದದ್ದುಂಟು. ಮೇಲಿನವರ ತಪಾಸಣೆ, ನಾಲ್ಕಾರು ಜನ ಅಧಿಕಾರಿಗಳು, ನಾನು ಅವರ ಹಿಂದೆ. ಹುಳು ಸಾಕುವ ಮನೆಗಳನ್ನು ನೋಡುತ್ತ ಹೋದೆವು. ಎಲ್ಲ ಜಗಲಿಗಳಲ್ಲೂ ಜನ ಎದ್ದು ನಿಂತರು, ಮುದುಕರು ಕೂಡ ಕೋಲೂರಿ ಎದ್ದರು. ಆ ಮನೆಯ ಜಗಲಿಯಲ್ಲಿ ಮುಳಬಾಗಿಲಿನ ಹುಡುಗಿ ಕಾಲು ಚಾಚಿ ಕೂತು ಹಿಪ್ಪುನೇರಳೆ ಸೊಪ್ಪು ಹೆಚ್ಚುತ್ತಿದ್ದಳು. ಈಗ ಹುಡುಗಿಯಲ್ಲ, ಪಕ್ಕದಲ್ಲಿ ಮಗು ಮಲಗಿತ್ತು. ಅತ್ತೆ ಒಳಗಿನಿಂದ ಇಣುಕಿ ನನ್ನನ್ನು ಕಂಡು ಹಾಗೇ ಒಳಗೆ ಹೋದಳು.

ನಮ್ಮ ಜೊತೆಗಿದ್ದ ಗುಮಾಸ್ತ ಕೂಗಿದ: "ಏನಮ್ಮ, ಸಾಹೇಬ್ರು ಬಂದವ್ರೆ, ಕಾಣ್ಸಲ್ವಾ?"

ಅವಳು ತಲೆಯೆತ್ತಿ ಎಲ್ಲರನ್ನೂ ನೋಡಿದಳು, ನನ್ನ ಮೇಲೆ ಕಣ್ಣು ಒಂದು ಕ್ಷಣ ನಿಂತಿತು.

"ಹುಳ ಹಸ್ಕೊಂಡವೆ ಸಾಮಿ," ಎಂದು ಮತ್ತೆ ಸೊಪ್ಪಿಗೆ ಕತ್ತಿ ಹಾಕಿದಳು.